ಸಂಜೆ ಮೇನ್ ಆಫ್ ಆಗುವ ಅಂಗಡಿಗೊಂದು ಸರ್ವರ್: ಶಿರಸಿಯ ಪ್ರಕರಣ

ಶಿರಸಿಯ ಮಾರುಕಟ್ಟೆ ಯಾರ್ಡಿನಲ್ಲಿರುವ ಈ ಅಡಿಕೆ ದಲಾಲಿ ಅಂಗಡಿಯಲ್ಲಿ ಸಂಜೆ ಏಳೂವರೆಗೆ ಕೊನೆಯವರು ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಮೊದಲು ಮೇನ್, ಆಮೇಲೆ ಬೀಗ. ಗೋದಾಮಿನ ತುಂಬ ಒಣ ಅಡಿಕೆ ಮತ್ತು ಗೋಣಿಚೀಲ, ಮಾಡಿನಡಿ ಹಳೇ ವೈರಿಂಗು, ಮೇ ತಿಂಗಳು ಬಂತೆಂದರೆ ದಿನಾ ಸಂಜೆ ಗುಡುಗು. "ಮೇನ್ ತೆಗೀದೇ ಹೋದ್ರೆ ರಾತ್ರಿ ನಿದ್ದೆ ಬತ್ತಿಲ್ಲೆ" ಎನ್ನುತ್ತಾರೆ ಯಜಮಾನರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ತೊಂದರೆ ಇರುವುದು ಸರ್ವರ್ (ಅಂಗಡಿಯ ಎಲ್ಲ ಕಂಪ್ಯೂಟರಿಗೂ ಲೆಕ್ಕದ ಡೇಟಾ ಒದಗಿಸುವ ಯಂತ್ರ) ಕಟ್ಟುವವರ ಅಭ್ಯಾಸದಲ್ಲಿ. ರಾತ್ರಿ ಎರಡಕ್ಕೆ ಬ್ಯಾಕಪ್, ನಾಲ್ಕಕ್ಕೆ ಅಪ್‌ಡೇಟ್ ಎಂದು ಬರೆದಿಡುವುದು ನಮ್ಮ ಕೈಗೆ ಕೂತುಬಿಟ್ಟಿದೆ. ಈ ಅಂಗಡಿಯಲ್ಲಿ ರಾತ್ರಿ ಎರಡು ಗಂಟೆ ಎನ್ನುವುದು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ.

ಕಡಿಮೆ ಖರ್ಚಿನಲ್ಲಿ, ಯಾರೂ ಕೂತು ಹೊಂದಿಸಬೇಕಾಗದಂಥ ಸರ್ವರ್ ಬೇಕೆಂದು ಕೆಲಸ ಶುರುವಾಯಿತು. ಯುಎಸ್‌ಬಿ ಚುಚ್ಚಿ, ಅರ್ಧ ಗಂಟೆ ಬಿಟ್ಟು ತೆಗೆದರೆ ಮುಗಿಯಬೇಕು. ಆ ಭಾಗ ಬೇಗ ಸಾಧ್ಯವಾಯಿತು. ಕಾಡಿದ್ದು ಪ್ರತಿದಿನ ಬೆಳಿಗ್ಗೆ 8:45ಕ್ಕೆ ಮೇನ್ ಮೇಲೆತ್ತಿದಾಗಿನ ಐದು ನಿಮಿಷ, ಸಂಜೆ ಇಳಿಸಿದಾಗಿನ ಹತ್ತು ನಿಮಿಷ.

ಮೊದಲಿದ್ದದ್ದು

ಕಂಪ್ಯೂಟರು ಆರು: ಲೆಕ್ಕದ ಕೋಣೆಯಲ್ಲಿ ಮೂರು, ತೂಕದ ಹತ್ತಿರ ಒಂದು, ಅಡಿಕೆ ಮಾರಾಟದ ಟೆಂಡರ್ ಬರೆಯುವ ಮೇಜಿನ ಮೇಲೆ ಒಂದು, ಯಜಮಾನರ ಕ್ಯಾಬಿನ್ನಿನಲ್ಲಿ ಒಂದು. ಲೆಕ್ಕದ ತಂತ್ರಾಂಶ ಟ್ಯಾಲಿಪ್ರೈಮಿನ ಗೋಲ್ಡ್ (ಹಲವು ಕಂಪ್ಯೂಟರಿಗೆ ಆಗುವ) ಲೈಸೆನ್ಸ್ ಇದೆ. ಡೇಟಾ ಮಾತ್ರ ಹಿರಿಯ ಗುಮಾಸ್ತರ ಕಂಪ್ಯೂಟರಿನ ಡಿ ಡ್ರೈವಿನಲ್ಲಿತ್ತು, ಪಾಸ್‌ವರ್ಡ್ ಇಲ್ಲದ ಶೇರ್ (ಎಲ್ಲ ಕಂಪ್ಯೂಟರಿನಿಂದಲೂ ತೆರೆಯಬಲ್ಲ ಫೋಲ್ಡರ್) ಆಗಿ. ಅವರು ರಜೆ ಹಾಕಿದ ದಿನವೂ ಅವರ ಕಂಪ್ಯೂಟರನ್ನು ಯಾರಾದರೂ ಚಾಲೂ ಮಾಡಬೇಕು. ಬ್ಯಾಕಪ್ಪು ನೆನಪಾದಾಗ ಪೆನ್ ಡ್ರೈವಿಗೆ.

ಇದು ನಡೆದುಕೊಂಡು ಹೋಗುತ್ತಿತ್ತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಬೆಂಬಲವಿಲ್ಲವೆಂದು ಮೊದಲೇ ಎರಡು ಹೊಸ ಕಂಪ್ಯೂಟರ್ ತರಿಸಿದರು. ಎರಡರಲ್ಲೂ ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿ. ಈ ಆವೃತ್ತಿ ಪಾಸ್‌ವರ್ಡ್ ಇಲ್ಲದ ಶೇರನ್ನು ತಾನಾಗಿ ತೆರೆಯುವುದಿಲ್ಲ, ಫೈಲು ಹಂಚುವ ಸಂಪರ್ಕಕ್ಕೆ ಡಿಜಿಟಲ್ ಸಹಿ ಇರಲೇಬೇಕೆಂದು ಹಟ ಹಿಡಿಯುತ್ತದೆ. ಹೊಸ ಕಂಪ್ಯೂಟರಿಗೆ ಹಳೇ ಲೆಕ್ಕ ಕಾಣಲಿಲ್ಲ. ವಿಂಡೋಸಿನ ಒಳ ಹೊಂದಾಣಿಕೆಗಳಿರುವ ರಿಜಿಸ್ಟ್ರಿ ತಿದ್ದಿ ಆ ಬಾಗಿಲನ್ನು ಮತ್ತೆ ತೆರೆಯಬಹುದಿತ್ತು, ಬಹಳ ಕಡೆ ಅದನ್ನೇ ಮಾಡುತ್ತಾರೆ. ಇಲ್ಲಿ ಮಾಡಲಿಲ್ಲ; ಡಿ ಡ್ರೈವಿನ ಹಾರ್ಡ್‌ಡಿಸ್ಕ್ ಆಗಲೇ ಕೆಟ್ಟ ಸೆಕ್ಟರ್ ತೋರಿಸುತ್ತಿತ್ತು.

ಸಾಮಾನು

ಹೊಸ ಟವರ್ ಸರ್ವರ್, ವಿಂಡೋಸ್ ಸರ್ವರ್ ಲೈಸೆನ್ಸು ಸೇರಿ ಬಂದ ಕೊಟೇಶನ್ ಒಂದು ಲಕ್ಷ ದಾಟಿತ್ತು. ಬದಲಿಗೆ ತಂದದ್ದು ಕಚೇರಿಗಳಿಂದ ಬಿಡುಗಡೆಯಾಗಿ ಬರುವ ರಿಫರ್ಬಿಶ್ಡ್ ಮಿನಿ ಪಿಸಿ: ಇಂಟೆಲ್ ಐ5-8500ಟಿ, ಆರು ಕೋರ್, 35 ವ್ಯಾಟಿನ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎನ್‌ವಿಎಂಇ, ಒಟ್ಟು 16,500 ರೂ. ಅದರೊಳಗೇ ಇನ್ನೊಂದು ಎರಡೂವರೆ ಇಂಚಿನ ಎಸ್‌ಎಸ್‌ಡಿಗೆ ಜಾಗವಿದೆ. ಬೇರೆ ಕಂಪನಿಯ 480 ಜಿಬಿಯದು 3,400. ಯುಎಸ್‌ಬಿ ಪೋರ್ಟ್ ಇರುವ 600 ವಿಎ ಯುಪಿಎಸ್ 3,800, ಎಂಟು ಪೋರ್ಟಿನ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ 1,400, 1 ಟಿಬಿಯ ಎರಡು ಯುಎಸ್‌ಬಿ ಡಿಸ್ಕ್ 9,200, ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ 2,600. ಕೊನೆಗೆ ಬೇರೆ ದಾರಿಯಿಲ್ಲದೆ ಬಂದ ರೌಟರ್ 2,300. ಕೇಬಲ್ಲು ಬಿಟ್ಟು 39,200 ರೂ.

ಎರಡು ಡಿಸ್ಕನ್ನೂ ಬೇರೆ ಬೇರೆ ಕಂಪನಿಯದು ತರುವುದಕ್ಕೆ ಕಾರಣವಿದೆ. ಒಂದೇ ಬ್ಯಾಚಿನವು ಒಂದೇ ಕಾಯಿಲೆಯಿಂದ ಒಂದೇ ವಾರದಲ್ಲಿ ಸಾಯುವುದುಂಟು. ಕನ್ನಡಿ ಹಿಡಿದಂತೆ ಎರಡರಲ್ಲೂ ಒಂದೇ ಬರೆಯುವ ಕೆಲಸಕ್ಕೆ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಬಳಸಲಿಲ್ಲ: ಒಂದು ಡಿಸ್ಕ್ ಸತ್ತರೆ ಅದು ಬೂಟಿನ ನಡುವೆ ನಿಂತು 'ಡಿಗ್ರೇಡೆಡ್' ಎಂಬ ಒಪ್ಪಿಗೆ ಕೇಳುತ್ತದೆ, ಉತ್ತರ ಕೊಡಲು ಅಂಗಡಿಯಲ್ಲಿ ಯಾರೂ ಇಲ್ಲ. ಬದಲಿಗೆ ಎರಡು ಡಿಸ್ಕಿಗೂ ಒಂದೇ ಬರೆಯುವ ಎಂಡಿಎಡಿಎಂ ರೇಯ್ಡ್ 1, ಮೇಲೆ ಡಿಸ್ಕಿನ ಜಾಗ ಹಂಚುವ ಎಲ್‌ವಿಎಂ, ಅದರ ಮೇಲೆ ಎಕ್ಸ್‌ಟಿ4 ಫೈಲ್ ವ್ಯವಸ್ಥೆ. ಸ್ನ್ಯಾಪ್‌ಶಾಟಿಗೆಂದು (ಆ ಕ್ಷಣದ ಡೇಟಾವನ್ನು ಹಾಗೇ ಹಿಡಿದಿಡುವುದು) 40 ಜಿಬಿ ಖಾಲಿ. ಯಂತ್ರ ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಶನ್ ಮಾತ್ರ ರೇಯ್ಡಿಗೆ ಸೇರುವುದಿಲ್ಲ. ಎರಡೂ ಡಿಸ್ಕಿನಲ್ಲಿ ಬೇರೆ ಬೇರೆ ಮಾಡಿ ನಕಲು ಹಾಕಬೇಕು, ಆಮೇಲೆ ಒಂದೊಂದೇ ಡಿಸ್ಕ್ ಕಿತ್ತು ಬೂಟ್ ಆಗುತ್ತದೆಯೇ ನೋಡಬೇಕು. ನೋಡದೇ ಬಿಟ್ಟ ರೇಯ್ಡಿಗೂ ಒಂಟಿ ಡಿಸ್ಕಿಗೂ ವ್ಯತ್ಯಾಸವಿಲ್ಲ.

ಇಡುವ ಜಾಗ: ಗೋಡೆಯ ಮೇಲೆ ಐದಡಿ ಎತ್ತರದಲ್ಲಿ ತೆರೆದ ಹಲಗೆ. ಅಡಿಕೆಯ ಧೂಳು ಮತ್ತು ಗೋಣಿಯ ನಾರು ಮೂರು ತಿಂಗಳಲ್ಲಿ ಫ್ಯಾನಿಗೆ ಕಂಬಳಿ ಹೊದಿಸುತ್ತವೆ. ಮಳೆಗಾಲದಲ್ಲಿ ರಾತ್ರಿಯಿಡೀ ತಣ್ಣಗಿರುವ ಯಂತ್ರದ ರ‍್ಯಾಮ್ ಕಾಲುಗಳಿಗೆ ಪಸೆ ಹಿಡಿಯುತ್ತದೆ. ಬೀಪ್ ಹೊಡೆದು ಬೂಟ್ ಆಗದಿದ್ದರೆ ಮೊದಲು ರ‍್ಯಾಮ್ ತೆಗೆದು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹಾಕುವುದು.

ಯುಎಸ್‌ಬಿ ಕಡ್ಡಿ

64 ಜಿಬಿಯ ಕಡ್ಡಿಯಲ್ಲಿ ಡೆಬಿಯನ್ 12 ಲಿನಕ್ಸ್, ಬೇಕಾದ ಎಲ್ಲ ಪ್ಯಾಕೇಜು, ಅನುಸ್ಥಾಪನೆಯ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಪ್ರಿಸೀಡ್ ಫೈಲು. ಇಂಟರ್ನೆಟ್ ಇಲ್ಲದೆಯೂ ಕೆಲಸ ಮುಗಿಯಬೇಕೆಂಬುದು ನಿಯಮ. ಇನ್ನೊಂದು ಪುಟ್ಟ ಪಾರ್ಟಿಶನ್ನಿನಲ್ಲಿ 'ಅಂಗಡಿ' ಎಂಬ ಒಂದೇ ಪಠ್ಯ ಫೈಲು: ಅಂಗಡಿಯ ಗುರುತು, ನೆಟ್‌ವರ್ಕ್ ವಿಳಾಸ, ಬಳಕೆದಾರರು, ಯಾರಿಗೆ ಯಾವ ಫೋಲ್ಡರ್, ಬ್ಯಾಕಪ್ ಡಿಸ್ಕುಗಳ ಲೇಬಲ್, ದೂರದಿಂದ ನೋಡಲು ವೈರ್‌ಗಾರ್ಡ್ (ಗುಪ್ತ ಸಂಪರ್ಕದ ತಂತ್ರಾಂಶ) ಕೀಲಿ. ಒಂದು ಅಂಗಡಿಗೂ ಇನ್ನೊಂದಕ್ಕೂ ಬದಲಾಗುವುದು ಇದೊಂದೇ. ಉಳಿದದ್ದನ್ನೆಲ್ಲ ಆನ್ಸಿಬಲ್-ಪುಲ್ ಎಂಬ ತಂತ್ರಾಂಶ ತಾನೇ ಹೊಂದಿಸುತ್ತದೆ, ಸಹಿ ಇಲ್ಲದ ಬದಲಾವಣೆಯನ್ನು ಮುಟ್ಟುವುದಿಲ್ಲ.

ಇಲ್ಲಿ ಕೈ ಸುಡುವ ಜಾಗ ಒಂದೇ. ಪ್ರಿಸೀಡಿನಲ್ಲಿ 'ಮೊದಲ ಡಿಸ್ಕಿಗೆ ಹಾಕು' ಎಂದು ಬರೆದರೆ ಕೆಲವು ಯಂತ್ರದಲ್ಲಿ ಮೊದಲ ಡಿಸ್ಕೆಂದರೆ ಆ ಕಡ್ಡಿಯೇ. ಬ್ಯಾಕಪ್ ಡಿಸ್ಕ್ ಸಿಕ್ಕಿಸಿದ್ದರೆ ಇನ್ನೂ ಕೇಡು: ಸರ್ವರ್ ಕೆಟ್ಟಿತೆಂದು ಹೊಸದಾಗಿ ಹಾಕಹೊರಟವರು ಉಳಿದಿದ್ದ ಒಂದೇ ಪ್ರತಿಯನ್ನೂ ಅಳಿಸಿಬಿಡುತ್ತಾರೆ. ಹಾಗಾಗಿ ಪಾರ್ಟಿಶನ್ ಮಾಡುವ ಮೊದಲು ಪುಟ್ಟ ಸ್ಕ್ರಿಪ್ಟೊಂದು ಯುಎಸ್‌ಬಿ ಮೂಲಕ ಬಂದ ಡಿಸ್ಕುಗಳನ್ನೆಲ್ಲ ಬಿಟ್ಟು ಎಣಿಸುತ್ತದೆ. ಸರಿಯಾಗಿ ಎರಡಿದ್ದರೆ ಮುಂದೆ. ಒಂದೋ ಮೂರೋ ಇದ್ದರೆ ಬೀಪ್ ಹೊಡೆದು ಅಲ್ಲೇ ನಿಲ್ಲುತ್ತದೆ. ನೆಟ್‌ವರ್ಕ್ ಕಾರ್ಡಿನ ಹೆಸರೂ ಯಂತ್ರದಿಂದ ಯಂತ್ರಕ್ಕೆ ಬೇರೆ, ಅದನ್ನು ಪೂರ್ತಿ ಬರೆಯದೆ 'ಇಎನ್' ಎಂದು ಶುರುವಾಗುವುದು ಎಂದಷ್ಟೇ ಹೇಳಿದರೆ ಸಾಕು.

ಲಿನಕ್ಸಿನಿಂದ ವಿಂಡೋಸಿಗೆ ಫೈಲು ಹಂಚುವ ಸಾಂಬಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ಯಾಲಿ ಡೇಟಾದ ಫೋಲ್ಡರಿಗೆ ಆಪ್‌ಲಾಕ್ ಆಫ್ ಇರಬೇಕು. ಇಲ್ಲದಿದ್ದರೆ ಒಂದು ಕಂಪ್ಯೂಟರ್ ತನ್ನ ಬಳಿಯೇ ಇಟ್ಟುಕೊಂಡ ಪ್ರತಿಗೂ ಇನ್ನೊಂದು ಬರೆದದ್ದಕ್ಕೂ ತಾಳೆಯಾಗದೆ ಡೇಟಾ ರಿಪೇರಿಗೆ ಬರುತ್ತದೆ. ಟ್ಯಾಲಿಯ ಲೈಸೆನ್ಸ್ ಕೊಡುವ ಗೇಟ್‌ವೇ ಸರ್ವರ್ ವಿಂಡೋಸಿನಲ್ಲೇ ಓಡಬೇಕಾದ್ದರಿಂದ ಅದು ಲೆಕ್ಕದ ಕೋಣೆಯ ಒಂದು ಕಂಪ್ಯೂಟರಿನಲ್ಲೇ ಉಳಿಯಿತು. ವೈಫೈನಲ್ಲಿ ಟ್ಯಾಲಿ ಡೇಟಾ ತೆರೆಯುವುದು ಬೇಡವೇ ಬೇಡ.

ಸಂಜೆ ಹತ್ತು ನಿಮಿಷ

ಮೇನ್ ಇಳಿಸಿದ ಕೂಡಲೇ ಯುಪಿಎಸ್ ಬ್ಯಾಟರಿಗೆ ಬರುತ್ತದೆ. ಮಿನಿ ಪಿಸಿ, ಸ್ವಿಚ್, ಮೋಡೆಮ್ ಎಲ್ಲ ಸೇರಿ 35 ವ್ಯಾಟಿನ ಆಸುಪಾಸು. ಒಳಗಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವ್ಯಾಟ್-ಅವರ್. ನಷ್ಟ ಕಳೆದರೂ ಮುಕ್ಕಾಲು ಗಂಟೆಗೆ ಮೋಸವಿಲ್ಲ. ಅಂದಮೇಲೆ ರಾತ್ರಿಯ ಬ್ಯಾಕಪ್ಪನ್ನು ಇಲ್ಲೇ ಮಾಡಬಹುದಲ್ಲ! ಸಂಜೆ ಆರರ ಮೇಲೆ ಕರೆಂಟು ಹೋಗಿ ನಾಲ್ಕು ನಿಮಿಷದಲ್ಲಿ ವಾಪಸ್ ಬರದಿದ್ದರೆ ಅಂಗಡಿ ಮುಚ್ಚಿತೆಂದು ತಿಳಿಯುವುದು: ಎಲ್‌ವಿಎಂ ಸ್ನ್ಯಾಪ್‌ಶಾಟ್, ರೆಸ್ಟಿಕ್ ಎಂಬ ತಂತ್ರಾಂಶದಿಂದ ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್, ಶಟ್‌ಡೌನ್. ಬದಲಾದದ್ದಷ್ಟೇ ಹೋಗುವುದರಿಂದ ಐದಾರು ನಿಮಿಷ ಸಾಕು. ಹಗಲಲ್ಲಿ ಕರೆಂಟು ಹೋದರೆ ಬ್ಯಾಟರಿ 40 ಶೇಕಡಾಕ್ಕೆ ಇಳಿಯುವವರೆಗೆ ಸುಮ್ಮನಿರುವುದು. ಮಧ್ಯಾಹ್ನ ಒಂದೂವರೆಗೆ, ಊಟದ ಹೊತ್ತಲ್ಲಿ, ಇನ್ನೊಂದು ಪ್ರತಿ ಇಂಟರ್ನೆಟ್ ಮೂಲಕ ಹೊರಗಿನ ಸ್ಟೋರೇಜಿಗೆ. (ದಿನಾ ಸಂಜೆ ಆರುವ ಯಂತ್ರಕ್ಕೆ ಒಂದು ಲಾಭವೂ ಉಂಟು: ಲಿನಕ್ಸಿನ ತಿರುಳಾದ ಕರ್ನಲ್ ಹೊಸದು ಬಂದಾಗ ಯಾವಾಗ ರೀಬೂಟ್ ಮಾಡಲಿ ಎಂಬ ಚಿಂತೆಯೇ ಇಲ್ಲ.)

ಇದೆಲ್ಲ ಯುಪಿಎಸ್ ಮೇಲೆ ಕಣ್ಣಿಡುವ ನಟ್ ಎಂಬ ತಂತ್ರಾಂಶದ ಕೆಲಸ. ಅಗ್ಗದ ಯುಪಿಎಸ್‌ಗಳಲ್ಲಿ ಬಹಳಷ್ಟು 0665:5161 ಎಂಬ ಯುಎಸ್‌ಬಿ ಗುರುತು ತೋರಿಸುತ್ತವೆ. ನಟ್‌ನ nutdrv_qx ಡ್ರೈವರಿಗೆ ಅವು ಗೊತ್ತು. ಆದರೆ ಅವು ಬ್ಯಾಟರಿ ಎಷ್ಟು ಶೇಕಡಾ ಇದೆಯೆಂದು ಹೇಳುವುದಿಲ್ಲ, ವೋಲ್ಟೇಜ್ ಮಾತ್ರ ಹೇಳುತ್ತವೆ. ಮೇಲಿನ ಮಿತಿ 13.0, ಕೆಳಗಿನ ಮಿತಿ 10.4 ಎಂದು ಬರೆದುಕೊಟ್ಟರೆ ಡ್ರೈವರ್ ಅಂದಾಜು ಮಾಡಿಕೊಳ್ಳುತ್ತದೆ.

ಮೊದಲ ವಾರ ಮರೆತದ್ದು ಯುಪಿಎಸ್ಸನ್ನು ಆರಿಸುವುದು. ಸರ್ವರ್ ಶಟ್‌ಡೌನ್ ಆದರೂ ಯುಪಿಎಸ್ ಖಾಲಿಯಾಗುವವರೆಗೆ ಸ್ವಿಚ್, ಮೋಡೆಮ್ ಉರಿಯುತ್ತಿದ್ದವು. ದಿನಾ ತಳ ಕಾಣುವ ಲೆಡ್-ಆಸಿಡ್ ಬ್ಯಾಟರಿ ಬಹಳ ಕಾಲ ಬಾಳುವುದಿಲ್ಲ. ಇನ್ನೊಂದು ಸಿಕ್ಕು: ಶಟ್‌ಡೌನ್ ಆಗುತ್ತಿರುವಾಗಲೇ ಯಾರೋ ಮರೆತ ಕೊಡೆಗೆಂದು ಬಂದು ಮೇನ್ ಎತ್ತಿದರೆ? ಸರ್ವರಿಗೆ ಕರೆಂಟು ಕಡಿದದ್ದೇ ಗೊತ್ತಿಲ್ಲ, ಹಾಗಾಗಿ ಮತ್ತೆ ಏಳುವುದೂ ಇಲ್ಲ. ಎರಡಕ್ಕೂ ಮದ್ದು ಒಂದೇ. ಶಟ್‌ಡೌನಿನ ಕೊನೆಯಲ್ಲಿ ನಟ್ ಯುಪಿಎಸ್‌ಗೆ 'ಔಟ್‌ಪುಟ್ ಕಡಿ, ಕರೆಂಟು ಇದ್ದರೆ ಮೂರು ನಿಮಿಷ ಬಿಟ್ಟು ಕೊಡು' ಎಂಬ ಆದೇಶ ಕಳಿಸುತ್ತದೆ. ಬಯಾಸಿನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ ಮೂಲ ತಂತ್ರಾಂಶ) 'ಎಸಿ ಬಂದರೆ ಚಾಲೂ ಆಗು' ಎಂಬ ಆಯ್ಕೆ ಹಾಕಿರಬೇಕು. ಈ ಆದೇಶಕ್ಕೆ ಕಿವುಡಾದ ಯುಪಿಎಸ್‌ಗಳೂ ಮಾರುಕಟ್ಟೆಯಲ್ಲಿವೆ. ಡಬ್ಬ ನೋಡಿ ಗೊತ್ತಾಗುವುದಿಲ್ಲ, ಲ್ಯಾಪ್‌ಟಾಪ್ ಒಯ್ದು ಅಂಗಡಿಯಲ್ಲೇ ಪರೀಕ್ಷಿಸಿ ಕೊಳ್ಳಬೇಕು.

ಬೆಳಿಗ್ಗೆ ಐದು ನಿಮಿಷ

ಮೇನ್ ಎತ್ತಿದರೆ ಎಲ್ಲವೂ ಒಟ್ಟಿಗೇ ಏಳುತ್ತವೆ. ಎಸ್‌ಎಸ್‌ಡಿ ಇರುವ ಕಂಪ್ಯೂಟರು ಅರ್ಧ ನಿಮಿಷದಲ್ಲಿ, ಸರ್ವರು ಒಂದು ನಿಮಿಷದಲ್ಲಿ, ಫೈಬರ್ ಮೋಡೆಮ್ಮು ಎರಡು ಮೂರು ನಿಮಿಷಕ್ಕೆ. ಲಿನಕ್ಸಿನ 'ನೆಟ್‌ವರ್ಕ್ ಬರುವವರೆಗೆ ಕಾಯಿ' ಎಂಬ ಸೇವೆ 120 ಸೆಕೆಂಡು ಕಾದು ಸೋಲುತ್ತಿತ್ತು, ಅದರ ಹಿಂದೆ ಸಾಲುಗಟ್ಟಿದ್ದ ಸಾಂಬಾವೂ ತಡವಾಗುತ್ತಿತ್ತು. ವಿಂಡೋಸಿನಲ್ಲಿ ಸರ್ವರಿನ ಫೋಲ್ಡರಿಗೆ ಮ್ಯಾಪ್ ಮಾಡಿದ ಝಡ್ ಡ್ರೈವಿಗೆ ಕೆಂಪು ಗುರುತು. ಟ್ಯಾಲಿ ಕಂಪನಿ ಸಿಗಲಿಲ್ಲ ಎನ್ನುತ್ತದೆ, ಫೋನು ಬರುತ್ತದೆ.

ಸರ್ವರಿಗೆ ಸ್ಥಿರ ವಿಳಾಸ, ಸಾಂಬಾಕ್ಕೆ ಇಂಟರ್ನೆಟ್ಟಿನ ಹಂಗಿಲ್ಲ ಎಂದು ತಿದ್ದಲಾಯಿತು. ಕಂಪ್ಯೂಟರುಗಳಲ್ಲಿ ಟ್ಯಾಲಿಯ ಐಕಾನಿನ ಬದಲು ಒಂದು ಪುಟ್ಟ ಬ್ಯಾಚ್ ಫೈಲು: ಸರ್ವರಿನ 445ನೇ ಪೋರ್ಟ್ ಉತ್ತರ ಕೊಡುವವರೆಗೆ 'ಸರ್ವರ್ ಏಳುತ್ತಿದೆ' ಎಂದು ತೋರಿಸಿ, ಆಮೇಲೆ ಟ್ಯಾಲಿ ತೆರೆಯುತ್ತದೆ. ಡೇಟಾದ ದಾರಿಯೂ ಝಡ್ ಅಲ್ಲ, ಸರ್ವರಿನ ಹೆಸರೇ. ಫೋನು ನಿಂತದ್ದು ಈ ಹತ್ತು ಸಾಲಿನ ಬ್ಯಾಚ್ ಫೈಲಿನಿಂದ.

ಸಿಡಿಲು, ಮೋಡೆಮ್ಮು, 2019

ಖರ್ಚು ಉಳಿಸಲೆಂದು ಮೊದಲು ಬೇರೆ ರೌಟರ್ ಹಾಕಿರಲಿಲ್ಲ. ಕಂಪ್ಯೂಟರುಗಳಿಗೆ ವಿಳಾಸ ಕೊಡುವ ಕೆಲಸ ಇಂಟರ್ನೆಟ್ ಕೊಟ್ಟವರ ಮೋಡೆಮ್ಮಿನದೇ. ಮುಂಗಾರು ಹಿಡಿಯುವ ಮುಂಚೆ ಒಂದು ಹಗಲು ಸಿಡಿಲಿಗೆ ಆ ಮೋಡೆಮ್ಮು ಹೋಯಿತು. ಫೈಬರಿನ ಗಾಜಿನಲ್ಲಿ ಕರೆಂಟು ಹರಿಯದು ನಿಜ, ಅದರ ಅಡಾಪ್ಟರಿನ ತಂತಿಯಲ್ಲಿ ಹರಿಯುತ್ತದೆ. ಯುಪಿಎಸ್ಸಿನಲ್ಲಿ ಜಾಗವಿಲ್ಲವೆಂದು ಯಾರೋ ಅದನ್ನು ಗೋಡೆಯ ಪ್ಲಗ್ಗಿಗೆ ಹಾಕಿದ್ದರು. ಮರುದಿನ ಬೆಳಿಗ್ಗೆ ಆರೂ ಕಂಪ್ಯೂಟರುಗಳು ತಾವೇ 169.254ರಿಂದ ಶುರುವಾಗುವ ವಿಳಾಸ ಹಾಕಿಕೊಂಡು ಕೂತವು. ಪಕ್ಕದಲ್ಲೇ ಇದ್ದ ಸರ್ವರ್ ಯಾರಿಗೂ ಕಾಣಲಿಲ್ಲ. ಫೋನಿನಲ್ಲಿ ಹೇಳುತ್ತಾ ಒಂದೊಂದಕ್ಕೂ ಕೈಯಿಂದ ವಿಳಾಸ ಹಾಕಿಸಬೇಕಾಯಿತು. ಎರಡು ದಿನ ಬಿಟ್ಟು ಬಂದ ಹೊಸ ಮೋಡೆಮ್ಮಿನ ವಿಳಾಸದ ಸರಣಿಯೇ ಬೇರೆ. ಹಾಕಿಸಿದ್ದೆಲ್ಲ ಮತ್ತೆ ಕೆಟ್ಟಿತು.

2,300 ರೂಪಾಯಿಯ ರೌಟರ್, ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿ, ಆಮೇಲೆ ಬಂತು. ಮೋಡೆಮ್ಮಿನ ಕಡೆಗೆ ಅದು ಬಂದ ವಿಳಾಸ ತೆಗೆದುಕೊಳ್ಳುತ್ತದೆ, ಅಂಗಡಿಯ ಒಳಗೆ 10.87.14ರ ಸರಣಿಯನ್ನು ತಾನೇ ಹಂಚುತ್ತದೆ. ಮೋಡೆಮ್ ಸತ್ತರೂ, ಬದಲಾದರೂ ಒಳಗಿನವರಿಗೆ ಗೊತ್ತಾಗುವುದಿಲ್ಲ. ಇದನ್ನು ಮೊದಲ ದಿನವೇ ಹಾಕಬೇಕಿತ್ತು. ಉಳಿಸಿದ ಹಣಕ್ಕಿಂತ ಹಾಳಾದ ಒಂದು ಟೆಂಡರ್ ದಿನದ ಬೆಲೆ ಹೆಚ್ಚು.

ಅದೇ ಎರಡು ದಿನಗಳಲ್ಲಿ ಇನ್ನೊಂದು ದೋಷ ಹೊರಬಿತ್ತು, ಹಿಡಿದವರು ಗುಮಾಸ್ತರು. ಬ್ಯಾಕಪ್ಪಿನ ವರದಿಯನ್ನು ಮೇಲ್ ಮಾಡಿದರೆ ಯಾರೂ ಓದುವುದಿಲ್ಲವೆಂದು, ಎಲ್ಲರೂ ದಿನಾ ತೆರೆಯುವ ಶೇರಿನ ಮೊದಲಲ್ಲೇ ಒಂದು ಖಾಲಿ ಫೋಲ್ಡರ್ ಇರುವಂತೆ ಮಾಡಿತ್ತು. ಅದರ ಹೆಸರೇ ವರದಿ, 'ಬ್ಯಾಕಪ್ 21-05 ಸಂಜೆ 7-41 ಸರಿ' ಎಂಬಂತೆ. ಆ ದಿನ ಅವರು ಫೋನಿನಲ್ಲಿ ಓದಿದ್ದು: 'ಬ್ಯಾಕಪ್ 01-01-2019 ಸರಿ'.

ಕಾರಣ ಮದರ್‌ಬೋರ್ಡಿನ ಮೇಲಿನ ಸಿಆರ್2032 ನಾಣ್ಯದ ಸೆಲ್ಲು. ರಿಫರ್ಬಿಶ್ಡ್ ಯಂತ್ರದ ಜತೆ ಬಂದ ಹಳೆಯದು, ಸತ್ತಿತ್ತು.  ರಾತ್ರಿ ಯುಪಿಎಸ್ ಆರಿದ ಮೇಲೆ ಗಡಿಯಾರಕ್ಕೆ ಆ ಸೆಲ್ಲೊಂದೇ ಆಸರೆ. ಇಂಟರ್ನೆಟ್ ಇದ್ದ ದಿನಗಳಲ್ಲಿ ಎರಡು ಮೂರು ನಿಮಿಷದಲ್ಲಿ ಸಮಯ ತಿದ್ದಿಹೋಗುತ್ತಿತ್ತು. ಇಲ್ಲದ ಎರಡು ದಿನ ಸರ್ವರ್ ಪೂರ್ತಿ 2019ರಲ್ಲೇ ಬದುಕಿತು. ಎರಡೂ ಸಂಜೆಯ ಬ್ಯಾಕಪ್ಪಿಗೆ ಒಂದೇ ತಾರೀಕು ಬಿತ್ತು, ಹಳೆಯದನ್ನು ಕಳೆಯುವ ನಿಯಮ ಓಡಿದಾಗ ತಿಂಗಳಿಗೊಂದರ ಲೆಕ್ಕದಲ್ಲಿ ಒಂದು ಉಳಿಯಿತು, ಇನ್ನೊಂದು ಹೋಯಿತು. ವೈರ್‌ಗಾರ್ಡಿಗೂ ಹಿಂದೆ ಓಡಿದ ಗಡಿಯಾರ ಆಗದು: ಕೊನೆಯ ಬಾರಿ ಕಂಡ ಸಮಯಕ್ಕಿಂತ ಹಿಂದಿನ ಸಮಯ ಹೊತ್ತ, ಸಂಪರ್ಕ ಶುರುಮಾಡುವ ಕೈಕುಲುಕನ್ನು ಆಚೆಯವರು ಸುಮ್ಮನೆ ಬಿಸಾಡುತ್ತಾರೆ.

ವಿಚಿತ್ರವೆಂದರೆ ಡೆಬಿಯನ್ನಿನಲ್ಲಿ ಇದಕ್ಕೆ ತಡೆ ಮೊದಲೇ ಇತ್ತು. ಸಮಯ ಹೊಂದಿಸುವ ಅದರ ಸೇವೆ ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಕೊನೆಯ ಸಮಯವನ್ನು ಒಂದು ಫೈಲಿನಲ್ಲಿ ಗುರುತಿಟ್ಟು, ಬೂಟಿನಲ್ಲಿ ಗಡಿಯಾರ ಅದಕ್ಕಿಂತ ಹಿಂದೆ ಹೋಗದಂತೆ ನೋಡಿಕೊಳ್ಳುತ್ತದೆ. 'ಇನ್ನೂ ನಿಖರ' ಎಂದು ಅದೇ ಕೆಲಸದ ಕ್ರೋನಿ ಹಾಕಿದಾಗ ಈ ಸೇವೆ ತಾನಾಗಿ ತೆಗೆದುಹೋಗಿತ್ತು. ಅಡಿಕೆ ಅಂಗಡಿಗೆ ಮಿಲಿಸೆಕೆಂಡಿನ ನಿಖರತೆ ಯಾಕೆ? ಕ್ರೋನಿ ತೆಗೆದು ಹಳೆಯದನ್ನೇ ತಂದದ್ದಾಯಿತು, 40 ರೂಪಾಯಿಯ ಹೊಸ ಸೆಲ್ಲು ಹಾಕಿದ್ದಾಯಿತು. ಇಂದಿನ ತಾರೀಕು ಕೊನೆಯ ಬ್ಯಾಕಪ್ಪಿಗಿಂತ ಹಿಂದಿದ್ದರೆ ಅಳಿಸುವ ಕೆಲಸಕ್ಕೇ ಹೋಗಬೇಡ ಎಂಬ ಸಾಲೂ ಸೇರಿತು. ಕೆಲವು ಮಾದರಿಗಳು ಸೆಲ್ಲು ಸತ್ತರೆ 'ಎಫ್1 ಒತ್ತಿ' ಎಂದು ಬೂಟನ್ನೇ ನಿಲ್ಲಿಸಿಕೊಂಡು ಕೂರುತ್ತವೆ, ಕೀಬೋರ್ಡಿಲ್ಲದ ಯಂತ್ರಕ್ಕೆ ಅದು ಇನ್ನೂ ಕಷ್ಟ. ಹಳೇ ಯಂತ್ರ ತಂದ ದಿನವೇ ಸೆಲ್ಲು ಬದಲಿಸುವುದು ಲೇಸು.

ಎಷ್ಟು ಕಾಲ ಇಡುವುದು, ಹೇಗೆ ತರುವುದು

ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನಿನ ಕಡೇ ದಿನದಿಂದ 72 ತಿಂಗಳು ಲೆಕ್ಕ ಇಡಬೇಕು. 2024-25ರ ರಿಟರ್ನಿಗೆ ಗಡುವು 2025ರ ಡಿಸೆಂಬರ್ 31, ಅಲ್ಲಿಂದ 72 ತಿಂಗಳೆಂದರೆ 2031ರ ಡಿಸೆಂಬರ್. 2024ರ ಏಪ್ರಿಲಿನ ಮೊದಲ ಬಿಲ್ಲಿನಿಂದ ಎಣಿಸಿದರೆ 93 ತಿಂಗಳು. ಹಾಗಾಗಿ ದಿನದ್ದು 7, ವಾರದ್ದು 5, ತಿಂಗಳದ್ದು 96 ಎಂದು ನಿಗದಿಯಾಯಿತು. ಕೆಂಪು, ಹಸಿರು ಪಟ್ಟಿ ಅಂಟಿಸಿದ ಎರಡು ಡಿಸ್ಕು ಶನಿವಾರ ಬದಲಾಗುತ್ತವೆ, ಒಂದು ಯಜಮಾನರ ಮನೆಯಲ್ಲಿ. ಹತ್ತು ದಿನ ಒಂದೇ ಡಿಸ್ಕಿದ್ದರೆ ವರದಿಯ ಫೋಲ್ಡರಿನ ಹೆಸರು 'ಡಿಸ್ಕ್ ಬದಲಿಸಿ' ಎಂದಾಗುತ್ತದೆ. ರೆಸ್ಟಿಕ್‌ನ ಪಾಸ್‌ವರ್ಡ್ ಕಾಗದದ ಮೇಲೆ ಎರಡು ಪ್ರತಿ: ಒಂದು ತಿಜೋರಿಯಲ್ಲಿ, ಇನ್ನೊಂದು ಆಡಿಟರ ಬಳಿ. ಅದು ಕಳೆದರೆ ಡಿಸ್ಕಿನಲ್ಲಿರುವುದು ಕಸ.

ಮೊದಲ ಮರುಸ್ಥಾಪನೆಯ ಪರೀಕ್ಷೆ ಇನ್ನೊಂದು ಹಳೇ ಮಿನಿ ಪಿಸಿಯ ಮೇಲೆ, ಭಾನುವಾರ. ಕಡ್ಡಿ ಚುಚ್ಚಿ, ಡೇಟಾ ತಂದು, ಟ್ಯಾಲಿ ತೆರೆಯುವವರೆಗೆ ಒಂದು ಗಂಟೆಯೊಳಗೇ ಆಯಿತು. ಆದರೆ ಲೆಕ್ಕದ ಗುಮಾಸ್ತರಿಗೆ ತಮ್ಮ ಫೋಲ್ಡರ್ ತೆರೆಯಲಿಲ್ಲ, ತೂಕದ ಹುಡುಗನಿಗೆ ತೆರೆಯಿತು. ಒಬ್ಬರು ಕೆಲಸ ಬಿಟ್ಟಿದ್ದರಿಂದ 'ಅಂಗಡಿ' ಫೈಲಿನಲ್ಲಿ ಅವರ ಸಾಲನ್ನು ಅಳಿಸಿತ್ತು; ಹೊಸ ಯಂತ್ರ ಬಳಕೆದಾರರಿಗೆ ಸಂಖ್ಯೆ ಕೊಡುವಾಗ ಎಲ್ಲರೂ ಒಂದೊಂದು ಸ್ಥಾನ ಮೇಲೆ ಸರಿದಿದ್ದರು. ರೆಸ್ಟಿಕ್ ಫೈಲಿನ ಒಡೆತನವನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಹಿಂದಕ್ಕೆ ತರುತ್ತದೆ. ಈಗ ಆ ಫೈಲಿನಲ್ಲಿ ಪ್ರತಿ ಹೆಸರಿನ ಮುಂದೆ ಸಂಖ್ಯೆಯೂ ಇದೆ, 2001, 2002 ಎಂದು. ಕೆಲಸ ಬಿಟ್ಟವರ ಸಾಲನ್ನು ಅಳಿಸುವುದಿಲ್ಲ. ಕೊನೆಯಲ್ಲಿ 'ಇಲ್ಲ' ಎಂದು ಬರೆದು ಬಿಡುತ್ತಾರೆ, ಆ ಸಂಖ್ಯೆಯನ್ನು ಮತ್ತೊಬ್ಬರಿಗೆ ಕೊಡುವುದಿಲ್ಲ.